ತೊರಪಳ್ಳಿಯ ರಾಜಾಜಿ ಮತ್ತು ಒಂದು ಕಾಯಿದೆಯ ಕಥೆ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನನ್ನ ಮನಸ್ಸು ಮೊದಲು ಹೋದದ್ದು 1982ರ ಗಾಂಧಿ ಜಯಂತಿಯ ದಿನಕ್ಕೆ. ಅಂದು ನಮ್ಮ ಶಾಲೆಯ ಹೆಂಚಿನ ಕೊಠಡಿಯಲ್ಲಿ ಚರ್ಚಾಸ್ಪರ್ಧೆ ಏರ್ಪಟ್ಟಿತ್ತು. ಕುಡಿತವನ್ನು ಕಾಯಿದೆಯಿಂದ ತಡೆಯಲು ಸಾಧ್ಯವೇ ಎಂಬುದು ವಿಷಯ. ಹಿಂದಿನ ವರ್ಷವಷ್ಟೇ ತಮಿಳುನಾಡಿನಲ್ಲಿ ಹೆಂಡ ಮತ್ತು ಸಾರಾಯಿಯ ಅಂಗಡಿಗಳು ಮತ್ತೆ ತೆರೆದಿದ್ದುದರಿಂದ ಅದು ಎಲ್ಲರ ಬಾಯಲ್ಲೂ ಇದ್ದ ಮಾತು. ನಾನು ಸಾಧ್ಯವಿಲ್ಲವೆಂದು ವಾದಿಸಿದೆ. ಮನೆಮನೆಗೂ ಒಬ್ಬ ಪೊಲೀಸನನ್ನು ಕಾವಲಿಡಲಾಗದು, ಅಂಗಡಿ ಮುಚ್ಚಿದರೆ ಕಾಡಿನಲ್ಲಿ ಕಳ್ಳಭಟ್ಟಿ ಏಳುತ್ತದೆ, ಸರಕಾರದ ಬೊಕ್ಕಸ ಬರಿದಾಗುತ್ತದೆ, ವ್ಯಕ್ತಿಸ್ವಾತಂತ್ರ್ಯಕ್ಕೆ ಭಂಗ ಬರುತ್ತದೆ ಎಂದು ಪತ್ರಿಕೆಗಳಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದೆ. ಪ್ರಥಮ ಬಹುಮಾನವಾಗಿ ಒಂದು ಸ್ಟೀಲ್ ಲೋಟ ದೊರೆಯಿತು.

ಆ ಲೋಟವನ್ನು ಹಿಡಿದು ಮನೆಗೆ ಬಂದವನು ಅಜ್ಜಿಯ ಮುಂದೆ ನನ್ನ ವಾದವನ್ನೆಲ್ಲ ಇನ್ನೊಮ್ಮೆ ಹೇಳಿದೆ. ಆಕೆ ಓದುಬರಹ ಬಲ್ಲವಳಲ್ಲ. ಎಲ್ಲವನ್ನೂ ಕೇಳಿ, ಅಂಗಡಿ ಮುಚ್ಚಿದ ವರ್ಷವನ್ನು ಕಂಡ ಯಾರನ್ನಾದರೂ ವಿಚಾರಿಸಿದೆಯಾ ಎಂದು ಮಾತ್ರ ಕೇಳಿದಳು. ಅನಂತರ ತಾನೇ ಹೇಳತೊಡಗಿದಳು. ಆಕೆ ಮದುವೆಯಾಗಿ ಬಂದ ಹೊಸತರಲ್ಲಿ ಊರ ಹೊರಗಿನ ಹೆಂಡದಂಗಡಿಯನ್ನು ಸರಕಾರ ಮುಚ್ಚಿಸಿತಂತೆ. ಆ ವರ್ಷದ ದೀಪಾವಳಿಗೆ ತಾತ ಕೂಲಿಯ ಹಣವನ್ನು ಮೊದಲ ಬಾರಿಗೆ ಎಣಿಸಿ ಆಕೆಯ ಕೈಗೆ ಕೊಟ್ಟರಂತೆ. ಅದೇ ತಾತ ಮುಂದಿನ ಬೇಸಗೆಯ ಹೊತ್ತಿಗೆ ಗಡಿ ದಾಟಿ ಮೈಸೂರು ಸೀಮೆಯ ಅತ್ತಿಬೆಲೆಯ ಕಡೆಗೆ ನಡೆದುಹೋಗಿ ಕುಡಿದು ಬರುವುದನ್ನೂ ಕಲಿತರು. ಇದನ್ನು ಆಕೆ ಮುಚ್ಚಿಡಲಿಲ್ಲ. ಆದರೆ ಅಷ್ಟು ದೂರ ದಿನವೂ ನಡೆಯಲಾಗುತ್ತಿರಲಿಲ್ಲ. ವಾರಕ್ಕೊಮ್ಮೆ ಸಂತೆಯ ದಿನ ಹೋಗುತ್ತಿದ್ದರು. ಉಳಿದ ಆರು ದಿನ ಒಲೆ ಹೊತ್ತುತ್ತಿತ್ತು ಎಂದು ಅಜ್ಜಿ ಲೆಕ್ಕ ಹೇಳಿದಳು. ನನ್ನ ವಾದದಲ್ಲಿ ಈ ಆರು ದಿನಗಳ ಲೆಕ್ಕ ಎಲ್ಲಿಯೂ ಇರಲಿಲ್ಲ.

ಆ ಅಂಗಡಿಯನ್ನು ಮುಚ್ಚಿಸಿದ ಕಾಯಿದೆಯ ಕರ್ತೃ ನಮ್ಮ ಹೊಸೂರು ತಾಲ್ಲೂಕಿನ ತೊರಪಳ್ಳಿಯಲ್ಲೇ ಹುಟ್ಟಿದವರು ಎಂಬುದು ನನಗೆ ತಿಳಿದದ್ದು ಆಮೇಲೆ. ಚಕ್ರವರ್ತಿ ರಾಜಗೋಪಾಲಾಚಾರಿಯವರನ್ನು ಸ್ವತಂತ್ರ ಭಾರತದ ಮೊದಲ ಹಾಗೂ ಕೊನೆಯ ಭಾರತೀಯ ಗವರ್ನರ್ ಜನರಲ್ ಎಂದು, ರಾಮಾಯಣ ಮಹಾಭಾರತಗಳನ್ನು ಸರಳವಾಗಿ ಬರೆದವರೆಂದು ನಾಡೆಲ್ಲ ಬಲ್ಲದು. ಕಾಯಿದೆಯನ್ನು ಮುರಿದು ಸೆರೆಮನೆಗೆ ಹೋದವರು, ಕಾಯಿದೆಯನ್ನು ಮಾಡಿ ಇತರರನ್ನು ಸೆರೆಮನೆಗೆ ಕಳುಹಿಸಿದವರು, ಇಬ್ಬರೂ ಅವರೇ. ಅವರ ಜೀವನದ ಈ ಮುಖವನ್ನೇ ಇಲ್ಲಿ ಹೇಳಬೇಕೆಂದು ನನ್ನ ಆಸೆ.

ರಾಜಾಜಿ ಜನಿಸಿದ್ದು 1878ರ ಡಿಸೆಂಬರ್‌ನಲ್ಲಿ. ತಂದೆ ತೊರಪಳ್ಳಿಯ ಮುನಸೀಫರು, ತಾಯಿ ಸಿಂಗಾರಮ್ಮ. ಹೊಸೂರು ಆಗ ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. ಮುಂದೆ 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ನಾವು ಸೇರಿದೆವು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಈ ಬಾಲಾಘಾಟದ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗುಲಿಯ ಮೇಲೆ ಕೂತು ಮಾತನಾಡಿಕೊಂಡು ಬಂದಿವೆ. ಬಾಲಕ ರಾಜಗೋಪಾಲ ಹಳ್ಳಿಯಲ್ಲಿ ಅಕ್ಷರ ಕಲಿತು ಹೊಸೂರಿನ ಸರಕಾರಿ ಶಾಲೆಗೆ ಬಂದರು. ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. ಕನ್ನಡಿಗರಾದ ನಮಗೆ ಪ್ರಿಯವಾದ ಒಂದು ಸಂಗತಿ ಇಲ್ಲಿದೆ. ಕೆಲವು ನೆನಪುಗಳು ಎಂಬ ಸೊಗಸಾದ ಗ್ರಂಥವನ್ನು ಕನ್ನಡಕ್ಕೆ ಕೊಟ್ಟ ನವರತ್ನ ರಾಮರಾಯರು ಆ ಕಾಲೇಜಿನಲ್ಲಿ ಅವರ ಸಹಪಾಠಿಗಳು. ಒಬ್ಬರು ಮೈಸೂರು ಸಂಸ್ಥಾನದ ಅಧಿಕಾರಿಯಾದರು, ಇನ್ನೊಬ್ಬರು ಬ್ರಿಟಿಷ್ ಸರಕಾರವನ್ನು ಎದುರಿಸಿ ನಿಂತರು. ಆ ಸ್ನೇಹ ಮಾತ್ರ ಕೊನೆಯವರೆಗೂ ಉಳಿಯಿತು.

ಮದರಾಸಿನಲ್ಲಿ ಕಾನೂನು ಓದಿ 1900ರಲ್ಲಿ ಅವರು ಸೇಲಂನಲ್ಲಿ ವಕೀಲಿ ಆರಂಭಿಸಿದರು. ವೃತ್ತಿಯಲ್ಲಿ ಬೇಗನೆ ಹೆಸರಾಯಿತು, ಹಣವೂ ಬಂತು. ಪತ್ನಿ ಅಲಮೇಲು ಮಂಗಮ್ಮನವರು ಐದು ಮಕ್ಕಳನ್ನು ಬಿಟ್ಟು ತೀರಿಕೊಂಡಾಗ ರಾಜಾಜಿಯವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಮತ್ತೆ ಮದುವೆಯಾಗಲಿಲ್ಲ. 1917ರಿಂದ 1919ರವರೆಗೆ ಅವರು ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು. ಆ ಪುರಸಭೆಗೆ ಮೊದಲ ಬಾರಿಗೆ ಒಬ್ಬ ದಲಿತ ಸದಸ್ಯರು ಆಯ್ಕೆಯಾಗಲು ಕಾರಣರಾದವರೂ ಅವರೇ.

1919ರಲ್ಲಿ ರೌಲತ್ ಕಾಯಿದೆ ಬಂದಿತು. ರಾಜದ್ರೋಹದ ಶಂಕೆಯಿದ್ದವರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರವನ್ನು ಅದು ಸರಕಾರಕ್ಕೆ ಕೊಟ್ಟಿತು. ಆ ದಿನಗಳಲ್ಲಿ ಮದರಾಸಿಗೆ ಬಂದ ಗಾಂಧೀಜಿ ಇಳಿದುಕೊಂಡದ್ದು ರಾಜಾಜಿಯವರ ಮನೆಯಲ್ಲಿ. ದೇಶಾದ್ಯಂತ ಹರತಾಳ ಆಚರಿಸಬೇಕೆಂಬ ಯೋಚನೆ ಅವರಿಗೆ ಹೊಳೆದದ್ದು ಆ ಮನೆಯಲ್ಲೇ. ಮರುವರ್ಷ ರಾಜಾಜಿ ವಕೀಲಿಯನ್ನು ತ್ಯಜಿಸಿದರು. 1921ರ ಡಿಸೆಂಬರ್‌ನಲ್ಲಿ ಕಾನೂನುಭಂಗಕ್ಕಾಗಿ ಮೂರು ತಿಂಗಳ ಶಿಕ್ಷೆ ಪಡೆದು ವೆಲ್ಲೂರು ಸೆರೆಮನೆ ಸೇರಿದರು. ಅಲ್ಲಿ ದಿನವೂ ಬರೆದಿಟ್ಟ ದಿನಚರಿ ಮುಂದೆ ಪುಸ್ತಕವಾಗಿ ಪ್ರಕಟವಾಯಿತು. ಅಪರಾಧಿಗಳ ಪರವಾಗಿ ನ್ಯಾಯಾಲಯದಲ್ಲಿ ನಿಂತು ವಾದಿಸಿದ್ದ ವಕೀಲರು ಈಗ ಅದೇ ಅಪರಾಧಿಗಳ ಪಕ್ಕದ ಕೋಣೆಯಲ್ಲಿದ್ದರು.

1925ರ ಫೆಬ್ರವರಿಯಲ್ಲಿ ತಿರುಚೆಂಗೋಡಿನ ಬಳಿಯ ಪುದುಪಾಳಯಂನಲ್ಲಿ ಅವರು ಗಾಂಧಿ ಆಶ್ರಮವನ್ನು ಸ್ಥಾಪಿಸಿದರು. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಅತ್ಯಂತ ಫಲವತ್ತಾದ ಭಾಗ ಇದು. ಮಳೆ ಕಾಣದ ಬಡ ಸೀಮೆ. ಖಾದಿ, ಅಸ್ಪೃಶ್ಯತಾ ನಿವಾರಣೆ, ಪಾನನಿರೋಧ ಈ ಮೂರೂ ಆಶ್ರಮದ ಕೆಲಸಗಳು. ನೂಲಿನ ಕೂಲಿಯನ್ನು ಹೆಂಗಸರ ಕೈಗೆ ಕೊಟ್ಟರೆ ಸಂಜೆಯ ಹೊತ್ತಿಗೆ ಅದು ಹೆಂಡದಂಗಡಿಯ ಗಲ್ಲಾಪೆಟ್ಟಿಗೆಗೆ ಹೋಗಿ ಬೀಳುವುದಾದರೆ ಚರಕದಿಂದ ಏನು ಪ್ರಯೋಜನವೆಂಬ ಪ್ರಶ್ನೆ ಅಂತಹ ಊರಿನಲ್ಲಿ ಯಾರನ್ನಾದರೂ ಕಾಡುವಂಥದು. 1929ರಲ್ಲಿ ಪಾನನಿರೋಧಕ್ಕೆಂದೇ ವಿಮೋಚನಂ ಎಂಬ ತಮಿಳು ಪತ್ರಿಕೆಯನ್ನು ಅವರು ಆರಂಭಿಸಿದರು. ಅದಕ್ಕೆ ಸಹಾಯಕರಾಗಿದ್ದವರು ಮುಂದೆ ಕಲ್ಕಿ ಎಂದು ಪ್ರಖ್ಯಾತರಾದ ಕೃಷ್ಣಮೂರ್ತಿಯವರು. ಹೊರಬಂದದ್ದು ಹತ್ತೇ ಸಂಚಿಕೆಗಳು. ಚಿತ್ರ, ಕಥೆ, ಹಾಸ್ಯಗಳ ಮೂಲಕ ಕುಡಿತದ ಕೆಡುಕನ್ನು ಹೇಳುವ ಪ್ರಯತ್ನ ಅದು. ಅಖಿಲ ಭಾರತ ಪಾನನಿರೋಧ ಸಂಘದ ಕಾರ್ಯದರ್ಶಿಯಾಗಿಯೂ ಅವರು ಊರೂರು ತಿರುಗಿದರು. ಕಾಯಿದೆಯನ್ನು ತರುವ ಮೊದಲು ಇಷ್ಟು ವರ್ಷ ಅವರು ಬರಿಯ ಮಾತಿನಿಂದ ಮನವೊಲಿಸಲು ಯತ್ನಿಸಿದ್ದರು ಎಂಬುದನ್ನು ಅವರ ಟೀಕಾಕಾರರು ಹೆಚ್ಚಾಗಿ ಮರೆಯುತ್ತಾರೆ. 1982ರಲ್ಲಿ ನಾನೂ ಮರೆತಿದ್ದೆ, ಅಥವಾ ನನಗೆ ಗೊತ್ತೇ ಇರಲಿಲ್ಲ.

1930ರಲ್ಲಿ ತಿರುಚಿನಾಪಳ್ಳಿಯಿಂದ ವೇದಾರಣ್ಯದವರೆಗೆ ಸುಮಾರು 150 ಮೈಲಿ ನಡೆದು ಉಪ್ಪಿನ ಕಾಯಿದೆಯನ್ನು ಮುರಿದರು, ಮತ್ತೆ ಸೆರೆಮನೆ. ಆ ವರ್ಷ ಗಾಂಧೀಜಿ ವೈಸ್‌ರಾಯರ ಮುಂದಿಟ್ಟ 11 ಬೇಡಿಕೆಗಳಲ್ಲಿ ಸಂಪೂರ್ಣ ಪಾನನಿರೋಧವೂ ಒಂದಾಗಿತ್ತು. ದೇಶದ ಎಲ್ಲೆಡೆ ಕಾಂಗ್ರೆಸ್ಸಿನ ಹೆಂಗಸರು ಗಂಡಸರು ಹೆಂಡದಂಗಡಿಗಳ ಮುಂದೆ ನಿಂತು ಪಿಕೆಟಿಂಗ್ ಮಾಡುತ್ತಿದ್ದರು. ಇಂತಹ ಪಿಕೆಟಿಂಗನ್ನು ಹತ್ತಿಕ್ಕುವುದಕ್ಕೆ ಬ್ರಿಟಿಷ್ ಸರಕಾರ 1932ರಲ್ಲಿ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯಿದೆಯನ್ನು ತಂದಿತು. ವಾಚಕರು ಈ ಕಾಯಿದೆಯನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

1937ರ ಜುಲೈಯಲ್ಲಿ ರಾಜಾಜಿ ಮದರಾಸು ಪ್ರಾಂತದ ಪ್ರಧಾನಮಂತ್ರಿಯಾದರು. ಪ್ರಾಂತದ ಮುಖ್ಯಸ್ಥರನ್ನು ಆಗ ಹಾಗೆಯೇ ಕರೆಯುತ್ತಿದ್ದರು. ಮೂರು ತಿಂಗಳು ತುಂಬುವ ಮೊದಲೇ, 1937ರ ಅಕ್ಟೋಬರ್ 1ರಂದು, ಪಾನನಿರೋಧ ಕಾಯಿದೆ ತಮ್ಮ ಸ್ವಂತ ಸೇಲಂ ಜಿಲ್ಲೆಯಲ್ಲಿ ಜಾರಿಗೆ ಬಂದಿತು. ನಮ್ಮ ಹೊಸೂರು ತಾಲ್ಲೂಕು ಅದರೊಳಗೇ ಇತ್ತು. ಅಜ್ಜಿ ಹೇಳಿದ ವರ್ಷ ಅದೇ.

ವಿರೋಧ ಸಣ್ಣದಾಗಿರಲಿಲ್ಲ. ಅಬಕಾರಿ ಆದಾಯ ಪ್ರಾಂತದ ವರಮಾನದಲ್ಲಿ ಬಹು ದೊಡ್ಡ ಪಾಲು. ಅದನ್ನು ಕೈಬಿಟ್ಟರೆ ಶಾಲೆಗೆ, ಆಸ್ಪತ್ರೆಗೆ ಹಣವೆಲ್ಲಿ ಎಂದು ಕೇಳಿದವರಿದ್ದರು. ಮರವೇರಿ ಹೆಂಡ ಇಳಿಸಿ ಬದುಕುತ್ತಿದ್ದ ಕುಟುಂಬಗಳ ಗತಿಯೇನು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಪೊಲೀಸರ ಕೈಗೆ ಹೊಸದೊಂದು ಅಧಿಕಾರ ಬಂದರೆ ಅದರ ಜತೆಗೆ ಲಂಚವೂ ಬರುತ್ತದೆ ಎಂದವರ ಮಾತು ಮುಂದಿನ ದಶಕಗಳಲ್ಲಿ ಸುಳ್ಳಾಗಲಿಲ್ಲ. ರಾಜಾಜಿ ಎಲ್ಲಕ್ಕೂ ಉತ್ತರ ಹುಡುಕಿದರು. ಹುಳಿಯಾಗದ ಸಿಹಿ ನೀರಾದಿಂದ ಬೆಲ್ಲ ಮಾಡಲು ಅನುಮತಿ ಕೊಟ್ಟರು. ಸಂಜೆಯ ಹೊತ್ತು ಹಳ್ಳಿಗರಿಗೆ ಬೇಸರವಾಗದಂತೆ ಆಟ, ಭಜನೆ, ಚಹಾದಂಗಡಿಗಳಿಗೆ ಉತ್ತೇಜನ ದೊರೆಯಿತು. 1938ರಲ್ಲಿ ರೈತರ ಸಾಲಪರಿಹಾರಕ್ಕೆ ಬೇರೊಂದು ಕಾಯಿದೆಯನ್ನು ತಂದರು. ಕುಡಿತ ಮತ್ತು ಸಾಲ ಎರಡೂ ಒಂದೇ ಮನೆಯ ಎರಡು ಬಾಗಿಲುಗಳೆಂಬುದನ್ನು ಆಶ್ರಮದ ದಿನಗಳಲ್ಲಿ ಅವರು ಕಂಡಿದ್ದರು. ಬೊಕ್ಕಸದ ನಷ್ಟವನ್ನು ತುಂಬಲು 1939ರಲ್ಲಿ ಭಾರತದಲ್ಲೇ ಮೊದಲನೆಯದಾದ ಸಾಮಾನ್ಯ ಮಾರಾಟ ತೆರಿಗೆಯನ್ನು ವಿಧಿಸಿದರು. ವರ್ತಕರು ಸಿಟ್ಟಾದರು. ಬಡವನ ಲೋಟದಿಂದ ಬರುತ್ತಿದ್ದ ಹಣವನ್ನು ಅಂಗಡಿಯ ವಹಿವಾಟಿನಿಂದ ಪಡೆಯುವ ಈ ಬದಲಾವಣೆ ಚಿಕ್ಕದಲ್ಲ. ಅವರು ತಂದ ಆ ತೆರಿಗೆಯನ್ನು ಮುಂದೆ ದೇಶದ ಎಲ್ಲ ರಾಜ್ಯಗಳೂ ಅನುಸರಿಸಿದವು, ಪಾನನಿರೋಧವನ್ನು ಕೈಬಿಟ್ಟ ರಾಜ್ಯಗಳು ಸಹ. ಇದೊಂದು ವಿಚಿತ್ರ.

1938ರ ಅಕ್ಟೋಬರ್‌ನಲ್ಲಿ ಚಿತ್ತೂರು ಮತ್ತು ಕಡಪ, 1939ರಲ್ಲಿ ಉತ್ತರ ಆರ್ಕಾಟು ಜಿಲ್ಲೆಗಳಿಗೆ ಕಾಯಿದೆ ವಿಸ್ತರಿಸಿತು. ಗಡಿಯಾಚೆಯ ಮೈಸೂರು ಸಂಸ್ಥಾನದಲ್ಲಿ ಇಂತಹ ಕಾಯಿದೆ ಇರಲಿಲ್ಲ. ಆದ್ದರಿಂದ ಗಡಿಯ ಹಳ್ಳಿಗಳಲ್ಲಿ ಇದರ ಪರಿಣಾಮ ಅರ್ಧಂಬರ್ಧ ಎಂದು ಹೇಳುವುದು ವಾಡಿಕೆ. ತಾತನ ಸಂತೆಯ ದಿನದ ನಡಿಗೆ ಅದಕ್ಕೆ ಸಾಕ್ಷಿ. ಅಜ್ಜಿಯ ಆರು ದಿನಗಳೂ ಸಾಕ್ಷಿಯೇ.

ಇದೇ ಅವಧಿಯಲ್ಲಿ ರಾಜಾಜಿ ಮಾಡಿದ ಇನ್ನೊಂದು ಕೆಲಸವನ್ನು ಹೇಳದೆ ಹೋದರೆ ಈ ಬರಹ ಅಪ್ರಾಮಾಣಿಕವಾದೀತು. ಪ್ರಾಂತದ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿದಾಗ ತಮಿಳು ಜಿಲ್ಲೆಗಳಲ್ಲಿ ಪ್ರಬಲ ಚಳವಳಿ ಎದ್ದಿತು. ಜನ ಶಾಲೆಗಳ ಮುಂದೆಯೂ ಕಚೇರಿಗಳ ಮುಂದೆಯೂ ಪಿಕೆಟಿಂಗ್ ಮಾಡಿದರು. ಅವರ ಮೇಲೆ ರಾಜಾಜಿ ಪ್ರಯೋಗಿಸಿದ್ದು 1932ರ ಅದೇ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯಿದೆಯನ್ನು, ಹೆಂಡದಂಗಡಿಯ ಮುಂದೆ ನಿಂತ ಕಾಂಗ್ರೆಸ್ಸಿಗರ ಮೇಲೆ ಬ್ರಿಟಿಷರು ಪ್ರಯೋಗಿಸಿದ್ದ ಅಸ್ತ್ರವನ್ನು. ಸಾವಿರಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಅವರಲ್ಲಿ ಹೆಂಗಸರಿದ್ದರು, ಮಕ್ಕಳೂ ಇದ್ದರು. ಸೆರೆಯಾಳುಗಳಾಗಿದ್ದ ನಟರಾಜನ್ ಮತ್ತು ತಾಳಮುತ್ತು ಎಂಬ ಇಬ್ಬರು ತರುಣರು 1939ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲು, 1937ರಲ್ಲಿ, ಸಮಾಜವಾದಿ ಬಾಟ್ಲಿವಾಲಾ ಅವರ ಭಾಷಣಕ್ಕಾಗಿ ರಾಜದ್ರೋಹದ ಆರೋಪ ಹೊರಿಸಿದಾಗ ಕಾಂಗ್ರೆಸ್ಸಿನೊಳಗೇ ಅಸಮಾಧಾನ ಎದ್ದಿತ್ತು. ಸರಕಾರವೆಂದ ಮೇಲೆ ಕಾಯಿದೆಯನ್ನು ಅನ್ವಯಿಸಲೇಬೇಕು ಎಂಬುದು ಅವರ ನಿಲುವು. ನನಗೆ ಅದು ಒಪ್ಪಿಗೆಯಿಲ್ಲ. ಬೇರೊಂದು ಭಾಷೆಯ ನಾಡಿನಲ್ಲಿ ತಾಯ್ನುಡಿಯ ಶಾಲೆಯನ್ನು ಐವತ್ತು ವರ್ಷ ನಡೆಸಿಕೊಂಡು ಬಂದ ನಮ್ಮಂಥವರಿಗೆ, ಭಾಷೆಯನ್ನು ಆಜ್ಞೆಯಿಂದ ಕಲಿಸುವುದರ ನೋವು ಯಾವ ಕಡೆಯಿಂದ ಬಂದರೂ ಗೊತ್ತಾಗುತ್ತದೆ. 2006ರಲ್ಲಿ ತಮಿಳು ಕಲಿಕಾ ಕಾಯಿದೆ ಬಂದಾಗ ನಮ್ಮ ಪೋಷಕರು ಪಟ್ಟ ಆತಂಕವನ್ನು ನಾನು ಕಂಡಿದ್ದೇನೆ. 1940ರಲ್ಲಿ, ರಾಜಾಜಿ ಅಧಿಕಾರ ಬಿಟ್ಟ ಮೇಲೆ, ಗವರ್ನರರ ಆಡಳಿತ ಕಡ್ಡಾಯ ಹಿಂದಿಯನ್ನು ಹಿಂತೆಗೆದುಕೊಂಡಿತು.

ಯುದ್ಧದ ಪ್ರಶ್ನೆಯ ಮೇಲೆ 1939ರ ಅಕ್ಟೋಬರ್‌ನಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತ್ತು. ಯುದ್ಧದ ವರ್ಷಗಳಲ್ಲಿ ಪಾನನಿರೋಧವನ್ನು ತಡೆಹಿಡಿಯಲಾಯಿತು; ಮುಚ್ಚಿದ ಅಂಗಡಿಗಳು ತೆರೆದವು. 1946ರಲ್ಲಿ ಮತ್ತೆ ಆರಂಭವಾಗಿ 1948ರ ಗಾಂಧಿ ಜಯಂತಿಯ ಹೊತ್ತಿಗೆ, ಓಮಂದೂರು ರಾಮಸ್ವಾಮಿ ರೆಡ್ಡಿಯಾರರ ಕಾಲದಲ್ಲಿ, ಇಡೀ ಮದರಾಸು ಪ್ರಾಂತ ಪಾನನಿರೋಧಕ್ಕೆ ಒಳಪಟ್ಟಿತು. ಬಳ್ಳಾರಿ, ಆದವಾನಿ, ರಾಯದುರ್ಗ, ಮಂಗಳೂರು, ಕಾಸರಗೋಡು, ಕೊಳ್ಳೇಗಾಲ, ತಾಳವಾಡಿಯ ಕನ್ನಡಿಗರೂ ಆಗ ನಮ್ಮೊಂದಿಗೆ ಅದೇ ಕಾಯಿದೆಯ ನೆರಳಿನಲ್ಲಿದ್ದರು.

1948ರ ಜೂನ್‌ನಲ್ಲಿ ರಾಜಾಜಿ ಗವರ್ನರ್ ಜನರಲ್ ಆದರು. ಗಾಂಧೀಜಿಯವರ ಹತ್ಯೆಯಾಗಿ ಇನ್ನೂ ಐದು ತಿಂಗಳಾಗಿರಲಿಲ್ಲ. ರಾಜಾಜಿಯವರ ಮಗಳು ಲಕ್ಷ್ಮಿ ಗಾಂಧೀಜಿಯವರ ಮಗ ದೇವದಾಸರ ಪತ್ನಿ. ಹತನಾದವರು ಅವರಿಗೆ ನಾಯಕರು ಮಾತ್ರವಲ್ಲ, ಬೀಗರು ಕೂಡ. ನಾಥೂರಾಮ ಗೋಡ್ಸೆಗೆ ಮರಣದಂಡನೆಯಾದಾಗ ಅದನ್ನು ಕಡಿಮೆ ಮಾಡಬೇಕೆಂದು ಗಾಂಧೀಜಿಯವರ ಮಕ್ಕಳಾದ ಮಣಿಲಾಲ್ ಮತ್ತು ರಾಮದಾಸರೇ ಕೇಳಿಕೊಂಡರು. ಅಹಿಂಸೆಯನ್ನು ಬೋಧಿಸಿದವರ ಹೆಸರಿನಲ್ಲಿ ಒಬ್ಬನನ್ನು ನೇಣಿಗೇರಿಸಬಾರದೆಂಬುದು ಆ ವಿನಂತಿಯ ಹುರುಳು. ಕ್ಷಮಾದಾನದ ಅರ್ಜಿ ಬಂದದ್ದು ಗವರ್ನರ್ ಜನರಲ್ ಅವರ ಬಳಿಗೆ. ಅದು ತಿರಸ್ಕೃತವಾಯಿತು. 1949ರ ನವೆಂಬರ್ 15ರಂದು ಅಂಬಾಲದ ಸೆರೆಮನೆಯಲ್ಲಿ ಶಿಕ್ಷೆ ಜಾರಿಯಾಯಿತು. ನೆಹರೂ, ಪಟೇಲರ ಅಭಿಪ್ರಾಯವೂ ಅದೇ ಆಗಿತ್ತೆಂಬುದು ನಿಜ. ಆದರೂ ಬೀಗರನ್ನು ಕೊಂದವನ ಅರ್ಜಿಯನ್ನು ಕೈಯಲ್ಲಿ ಹಿಡಿದ ಆ ಮುದುಕರ ಸ್ಥಿತಿಯನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಅವರು ಮಾಡಿದ್ದು ಸರಿಯೋ ತಪ್ಪೋ, ನನಗೆ ನಿರ್ಧರಿಸಲಾಗಿಲ್ಲ.

ಪಟೇಲರ ನಿಧನದ ಬಳಿಕ 1950ರ ಡಿಸೆಂಬರ್‌ನಲ್ಲಿ ಅವರು ಕೇಂದ್ರದ ಗೃಹಮಂತ್ರಿಯಾದರು. 1951ರಲ್ಲಿ ವಿಚಾರಣೆಯಿಲ್ಲದ ಬಂಧನದ ಕಾಯಿದೆಯನ್ನು ಸಂಸತ್ತಿನಲ್ಲಿ ಮುಂದುವರಿಸಬೇಕಾಗಿ ಬಂದಾಗ ಅದನ್ನು ಸಮರ್ಥಿಸಿದವರು ರೌಲತ್ ಕಾಯಿದೆಯ ವಿರುದ್ಧ ಸಮರ ಹೂಡಿದ್ದ ಅದೇ ರಾಜಾಜಿ. ಪ್ರತಿಯೊಂದು ಬಂಧನವನ್ನೂ ಸಲಹಾ ಮಂಡಲಿಯ ಮುಂದಿಡಬೇಕೆಂಬ ತಿದ್ದುಪಡಿಯನ್ನು ಸೇರಿಸಿದ್ದು ಅವರ ಕಾಲದಲ್ಲೇ ಎಂಬುದನ್ನೂ ಹೇಳಬೇಕು. ಆ ತಿದ್ದುಪಡಿ ಒಳ್ಳೆಯದು. ಕಾಯಿದೆ ಒಳ್ಳೆಯದೆಂದು ನಾನು ಹೇಳಲಾರೆ.

ಆ ಬಳಿಕದ್ದನ್ನು ಬೇಗ ಹೇಳಿಬಿಡುತ್ತೇನೆ. 1952ರಿಂದ 1954ರವರೆಗೆ ಮದರಾಸಿನ ಮುಖ್ಯಮಂತ್ರಿ. ಅರ್ಧ ದಿನದ ಪ್ರಾಥಮಿಕ ಶಿಕ್ಷಣದ ಯೋಜನೆಯಿಂದ ಎದ್ದ ವಿವಾದದ ಬಳಿಕ ನಿರ್ಗಮನ. 1954ರಲ್ಲಿ ಭಾರತರತ್ನ. ಅದೇ ವರ್ಷ ಹೊಸ ಆಂಧ್ರ ರಾಜ್ಯದಲ್ಲಿ ಪ್ರಕಾಶಂ ಸರಕಾರ ಪಾನನಿರೋಧದ ಪ್ರಶ್ನೆಯ ಮೇಲೆಯೇ ಉರುಳಿತು. 1959ರಲ್ಲಿ ಸ್ವತಂತ್ರ ಪಕ್ಷದ ಸ್ಥಾಪನೆ. ಪರವಾನಗಿಗಳ ರಾಜ್ಯಭಾರವನ್ನು ಅಷ್ಟು ಕಟುವಾಗಿ ಟೀಕಿಸಿದ ಅವರು ಹೆಂಡದ ವಿಷಯದಲ್ಲಿ ಮಾತ್ರ ಸರಕಾರದ ಕೈ ಬಲವಾಗಿರಬೇಕೆನ್ನುತ್ತಿದ್ದರು. 1962ರಲ್ಲಿ, 83ನೆಯ ವಯಸ್ಸಿನಲ್ಲಿ, ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗದೊಂದಿಗೆ ಅಮೆರಿಕಕ್ಕೆ ಹೋಗಿ ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಅಧ್ಯಕ್ಷ ಕೆನೆಡಿಯವರಲ್ಲಿ ಬಿನ್ನವಿಸಿದರು.

1971ಕ್ಕೆ ಬರುತ್ತೇನೆ. ಆ ವರ್ಷದ ಚುನಾವಣೆಯಲ್ಲಿ ರಾಜಾಜಿ ದ್ರಾವಿಡ ಮುನ್ನೇತ್ರ ಕಳಗಂನ ವಿರುದ್ಧ ನಿಂತಿದ್ದರು. ಆ ಪಕ್ಷವೇ ಭಾರಿ ಬಹುಮತದಿಂದ ಗೆದ್ದಿತು. ಮುಖ್ಯಮಂತ್ರಿ ಕರುಣಾನಿಧಿಯವರು ಹಣಕಾಸಿನ ಕೊರತೆಯ ಕಾರಣದಿಂದ ಪಾನನಿರೋಧವನ್ನು ಸಡಿಲಿಸಲು ನಿರ್ಧರಿಸಿದರು. ಜುಲೈ ತಿಂಗಳ ಒಂದು ದಿನ, ಸುರಿಯುವ ಮಳೆಯಲ್ಲಿ, 92 ವರ್ಷದ ರಾಜಾಜಿ ಮುಖ್ಯಮಂತ್ರಿಗಳ ಮನೆಗೆ ತಾವೇ ಹೋದರು. ಗವರ್ನರ್ ಜನರಲ್ ಆಗಿದ್ದವರು, ಎರಡು ಬಾರಿ ಆ ನಾಡನ್ನು ಆಳಿದವರು, ತಮ್ಮನ್ನು ಸೋಲಿಸಿದವರ ಬಾಗಿಲಲ್ಲಿ ನಿಂತು ಆ ಒಂದು ಕಾಯಿದೆಯನ್ನು ಉಳಿಸಿರೆಂದು ಬೇಡಿಕೊಂಡರು. ಮುಖ್ಯಮಂತ್ರಿಗಳು ಗೌರವದಿಂದ ಬರಮಾಡಿಕೊಂಡರು, ನಿರ್ಧಾರ ಮಾತ್ರ ಬದಲಾಗಲಿಲ್ಲ. ಆಗಸ್ಟ್ 30ರಂದು ಪಾನನಿರೋಧ ಕೊನೆಗೊಂಡಿತು. ರಾಜಾಜಿ 1972ರ ಡಿಸೆಂಬರ್ 25ರಂದು ನಿಧನರಾದರು. ಅದೇ ಸರಕಾರ 1973ರಲ್ಲಿ ಹೆಂಡದಂಗಡಿಗಳನ್ನೂ 1974ರಲ್ಲಿ ಸಾರಾಯಿ ಅಂಗಡಿಗಳನ್ನೂ ಮತ್ತೆ ಮುಚ್ಚಿಸಿತು, ನೋಡಲು ಅವರಿರಲಿಲ್ಲ. 1981ರಲ್ಲಿ ಇನ್ನೊಂದು ಸರಕಾರ ತೆರೆಯಿತು. 2003ರಿಂದ ಸರಕಾರದ ನಿಗಮವೇ ಚಿಲ್ಲರೆ ಅಂಗಡಿಗಳನ್ನು ಇಟ್ಟಿದೆ. ತೊರಪಳ್ಳಿಯ ಅವರ ಮನೆಯನ್ನು ಸರಕಾರ ಸ್ಮಾರಕವಾಗಿ ಕಾಪಾಡಿಕೊಂಡು ಬಂದಿದೆ. ಹೊಸೂರಿನಿಂದ ಅಲ್ಲಿಗೆ ಹೋಗುವ ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ನಿಗಮದ ಅಂಗಡಿಗಳನ್ನೂ ಕಾಣುತ್ತಾರೆ.

1983ರ ಗಾಂಧಿ ಜಯಂತಿಗೂ ನಮ್ಮ ಶಾಲೆಯಲ್ಲಿ ಅದೇ ವಿಷಯವನ್ನು ಚರ್ಚೆಗೆ ಇಟ್ಟರು. ಈ ಸಲ ನಾನು ಮೇಷ್ಟ್ರನ್ನು ಕೇಳಿ ಎದುರು ಪಕ್ಷಕ್ಕೆ ಸೇರಿದೆ. ಪುದುಪಾಳಯಂ ಆಶ್ರಮ, 1937ರ ಅಕ್ಟೋಬರ್, ಮಳೆಯಲ್ಲಿ ಹೋದ ಮುದುಕರು ಎಲ್ಲವನ್ನೂ ಹೇಳಿದೆ; ಅಜ್ಜಿಯ ಆರು ದಿನಗಳನ್ನೂ ಹೇಳಿದೆ, ಆಕೆಯ ಹೆಸರು ಹೇಳದೆ. ಪ್ರಥಮ ಬಹುಮಾನ ಎಂಟನೆಯ ತರಗತಿಯ ಒಬ್ಬ ಹುಡುಗನಿಗೆ ಹೋಯಿತು. ಹಿಂದಿನ ವರ್ಷ ನಾನು ಹೇಳಿದ್ದ ವಾದಗಳನ್ನೆಲ್ಲ ಅವನು ಒಂದೂ ಬಿಡದೆ ಬಾಯಿಪಾಠ ಮಾಡಿಕೊಂಡು ಬಂದಿದ್ದ.